ಸಾವಿರಕ್ಕೆ ಒಂದು ಕಡಿಮೆ

ಕಾನಹೊಸಹಳ್ಳಿ
೧೪ ಡಿಸೆಂಬರ್ ೨೦೦೩

ಚಿ. ದುರ್ಗಾದೇವಿಗೆ ಸೋದರಮಾವ ಹನುಮಣ್ಣನ ಆಶೀರ್ವಾದ. ಇಲ್ಲಿ ನಿನ್ನ ಅವ್ವ, ಎಮ್ಮೆ, ನಾನು, ಮೂವರೂ ಆರಾಮ.

ಮೊದಲು ಒಂದು ಮಾತು ನೆನಪಿರಲಿ. ನಿನ್ನ ಮಾವನನ್ನು ಇಂಡಿಯಾ ಟೀಮಿನವರು ಮೂರು ಸಲ ಕರೆದಿದ್ದರು. ಆಗ ಜೋಳ ತೆನೆಗಟ್ಟಿತ್ತು, ಹಕ್ಕಿ ಓಡಿಸುವವರು ಯಾರೂ ಇರಲಿಲ್ಲ, ಆಗುವುದಿಲ್ಲ ಎಂದು ಹೇಳಿ ಕಳಿಸಿದೆ. ಇಂಥವನ ಮೇಲೆ ಸಿಟ್ಟಾಗಿ ನೀನು ಕಾಗದ ಬರೆದಿದ್ದೀಯ.

ಕೊನೆಯ ಮ್ಯಾಚಿಗೆ ಹರಪನಹಳ್ಳಿಗೆ ಬಂದವನು ನನ್ನ ಹಾಸ್ಟೆಲ್ಲಿಗೆ ಯಾಕೆ ಬರಲಿಲ್ಲ, ಸಂಜೆವರೆಗೆ ಗೇಟಿನಲ್ಲಿ ಕಾದೆ ಎಂದಿದ್ದೀಯ. ಬಸ್ಸು ಹೊರಟಿತ್ತವ್ವ, ಅಷ್ಟೇ. ಡಬ್ಬಿಯ ಕಾರ್ಡುಗಳನ್ನೆಲ್ಲ ಓಣಿಯ ಹುಡುಗರಿಗೆ ಹಂಚು, ಅದೊಂದು ಮಾತ್ರ ನನಗೆ ಬೇಕು ಎಂದೂ ಬರೆದಿದ್ದೀಯ. ಅದಕ್ಕೆ ಉತ್ತರ ಇಷ್ಟು ಸಲೀಸಿಲ್ಲ.

ಆ ಕಾರ್ಡು ಹುಟ್ಟಿದಾಗ ನಿನಗೆ ಒಂಬತ್ತು ವರ್ಷ. ಬಬಲ್ ಗಮ್ ಕೊಂಡರೆ ಒಳಗೊಂದು ಕಾರ್ಡು ಬರುತ್ತಿತ್ತು. ಮುಂದೆ ಆಟಗಾರನ ಫೋಟೋ, ಹಿಂದೆ ಅವನು ತೆಗೆದ ವಿಕೆಟ್ಟಿನ ಲೆಕ್ಕ. ಇಬ್ಬರು ಒಂದೊಂದು ಕಾರ್ಡು ತಿರುವಬೇಕು, ಯಾರದ್ದು ಹೆಚ್ಚೋ ಅವರು ಎರಡನ್ನೂ ಎತ್ತಿಕೊಳ್ಳಬೇಕು. ಎದುರುಮನೆಯ ಹುಲುಗೇಶ ನಿನ್ನ ಬಿಸ್ಕತ್ತಿನ ಡಬ್ಬಿ ಖಾಲಿ ಮಾಡಿಬಿಟ್ಟ. ನೀನು ಉಣ್ಣದೆ ಮೂಲೆ ಹಿಡಿದು ಕೂತೆ. ನಾನು ನಿನ್ನ ಅವ್ವನ ಮದುವೆಯಲ್ಲಿ ಮಿಕ್ಕಿದ್ದ ಲಗ್ನಪತ್ರಿಕೆ ಕತ್ತರಿಸಿ, ನನ್ನ ಫೋಟೋ ಅಂಟಿಸಿ, ಹಿಂದೆ ಬರೆದೆ: ಹನುಮಣ್ಣ, ಬಲಗೈ ಬೌಲರ್, ವಿಕೆಟ್ ೯೯೯. ಸಾವಿರ ಎಂದು ಬರೆಯದಿದ್ದದ್ದು ನನ್ನ ಸಂಕೋಚ.

ಮರುದಿನ ಅದೊಂದೇ ಕಾರ್ಡಿನಿಂದ ಓಣಿಯನ್ನೆಲ್ಲ ಗೆದ್ದೆಯಲ್ಲ! ಕೈಬರಹದ್ದು ನಡೆಯುವುದಿಲ್ಲ ಎಂದು ಹುಲುಗೇಶ ಜಗಳಕ್ಕೆ ಬಿದ್ದಾಗ ನೀನು ಸೊಂಟದ ಮೇಲೆ ಕೈಯಿಟ್ಟು ಹೇಳಿದೆ: "ನಮ್ಮ ಮಾವ ಸುಳ್ಳು ಹೇಳಾಂಗಿಲ್ಲ." ನಾನು ಬಾಗಿಲ ಹಿಂದೆಯೇ ಇದ್ದೆ. ಕೇಳಿಸಿತು. ಹೊರಗೆ ಬರಲಿಲ್ಲ.

ಕೈ ಮಾತ್ರ ಸುಳ್ಳಲ್ಲ, ದುರ್ಗಿ. ಹೊಲದ ಅಟ್ಟಣಿಗೆ ಮೇಲೆ ನಿಂತು ಹಕ್ಕಿಗೆ ಕವಣೆ ಬೀಸಿ ಬೀಸಿ ಪಳಗಿದ ತೋಳು ಅದು. ಬರಿಗಾಲಲ್ಲಿ ಓಡಿಬಂದು ಹಾಕಿದರೆ ಕೊಟ್ಟೂರಿನವರಿಗೂ ಹಡಗಲಿಯವರಿಗೂ ಬ್ಯಾಟು ಎತ್ತುವ ಮುಂಚೆ ಸ್ಟಂಪು ಹಾರಿರುತ್ತಿತ್ತು. ನಿನ್ನ ಅವ್ವ ನೀರು ತುಂಬುವ ಸ್ಟೀಲ್ ಕೊಡ ಹಗರಿಬೊಮ್ಮನಹಳ್ಳಿಯಲ್ಲಿ ಗೆದ್ದದ್ದು. ಈಗ ಭುಜ ಏಳುವುದಿಲ್ಲ. ನಿನ್ನ ಅವ್ವನಂತೂ ದಿನಾ ಹಂಗಿಸುತ್ತಾಳೆ: "ಎಮ್ಮಿಗೆ ಮೇವು ಹಾಕಾಕ ಏಳದ ಕೈ, ಬಾಲ್ ಹಾಕಾಕ ಹೆಂಗ ಏಳ್ತತಿ?" ಅದಕ್ಕೇ ಇದೊಂದು ಮ್ಯಾಚು ಆಡಿ ಬಿಡುತ್ತೇನೆ ಅಂದದ್ದು.

ಹರಪನಹಳ್ಳಿಯಲ್ಲಿ ಮ್ಯಾಚಿನ ಬಯಲಿನಲ್ಲಿ ಅರ್ಧಕ್ಕರ್ಧ ಮೆಕ್ಕೆಜೋಳ ಒಣಹಾಕಿದ್ದರು. ತೆಗೆಯಿರಿ ಎಂದರೆ ಕಾಳು ಕಾಯುತ್ತಿದ್ದ ದ್ಯಾಮಕ್ಕ ಕಸಬರಿಗೆ ಎತ್ತಿದಳು. ಕೊನೆಗೆ ಕಾಳಿನ ಅಂಚೇ ಬೌಂಡರಿ ಎಂದು ಎರಡೂ ಕಡೆಯವರು ಒಪ್ಪಿದೆವು. ನಾನು ಓಡಿಬರುವ ಜಾಗದ ಬೆನ್ನಿಗೇ ಅಂಚು.

ಅವರ ಕಡೆ ಬ್ಯಾಟು ಹಿಡಿದು ಬಂದವನು ಯಾರು ಗೊತ್ತೇ? ಅದೇ ಹುಲುಗೇಶ. ಈಗ ಅಲ್ಲಿಯೇ ಮೆಕ್ಕೆಜೋಳದ ಮಂಡಿಯಲ್ಲಿದ್ದಾನೆ, ಮೀಸೆ ಬಿಟ್ಟಿದ್ದಾನೆ. "ಹನುಮಣ್ಣ, ಸಾವಿರಕ್ಕ ಇನ್ನ ಒಂದ ಕಡಿಮಿ ಐತೇನು?" ಎಂದು ನಕ್ಕ. ನಿನಗೆ ಕೊಡಲೆಂದು ಆ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದೆ. ನನ್ನ ಬಾಯಿ ನಿನಗೆ ಗೊತ್ತಲ್ಲ. ಸಾವಿರದ ವಿಕೆಟ್ ನೀನೇ, ಆಗದಿದ್ದರೆ ಕಾರ್ಡು ನಿನ್ನದು ಅಂದುಬಿಟ್ಟೆ.

ಕೊನೆಯ ಓವರು ನನ್ನದು, ಅವರಿಗೆ ಗೆಲ್ಲಲು ಐದು ರನ್ ಬೇಕಿತ್ತು. ಅವನು ಬೀಸಿದ. ಚೆಂಡು ನೆಟ್ಟಗೆ ಮೇಲೆ ಹೋಯಿತು. ಎಲ್ಲರೂ ಕೈ ಅಡ್ಡ ಹಿಡಿದು ಬಿಸಿಲು ನೋಡುತ್ತಿದ್ದರು. ನಾನು ಹಿಂದೆ ಹಿಂದೆ ಸರಿಯುತ್ತ ಹೋಗಿ ಹಿಡಿದೆ. ಅಂಥ ಕ್ಯಾಚು ನನ್ನ ಜನ್ಮದಲ್ಲಿ ಹಿಡಿದಿರಲಿಲ್ಲ. ನಮ್ಮವರು ಕುಣಿಯುತ್ತ ಓಡಿಬಂದರು. ಆದರೆ ಹಿಮ್ಮಡಿಯ ಕೆಳಗೆ ನಾಕು ಕಾಳು ಚುಚ್ಚುತ್ತಿದ್ದವು, ದುರ್ಗಿ. ಬೂಟು ಹಾಕಿಕೊಂಡವನಾಗಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ.

ಅಂಪೈರು ತಾನು ನೋಡಲಿಲ್ಲ ಅಂದ. ಹುಲುಗೇಶ ಬ್ಯಾಟು ಊರಿ ನಿಂತ. "ಹನುಮಣ್ಣ, ನೀನ ಹೇಳು. ನಿನ್ನ ಸೊಸಿ ಹೇಳ್ತಿದ್ದಳಲ್ಲ, ನೀ ಸುಳ್ಳು ಹೇಳಾಂಗಿಲ್ಲ ಅಂತ."

ಅವನು ಹಂಗಿಸಲು ಅಂದನೋ ನಂಬಿ ಅಂದನೋ ತಿಳಿಯಲಿಲ್ಲ.

"ಕಾಲು ಕಾಳಿನ್ಯಾಗ ಇತ್ತಪ್ಪ," ಅಂದೆ. "ಸಿಕ್ಸು."

ಅಲ್ಲಿಗೆ ನಾವು ಸೋತೆವು. ನಮ್ಮ ಹುಡುಗರು ನನ್ನನ್ನು ಬಿಟ್ಟು ಟೆಂಪೋ ಹತ್ತಿ ಊರಿಗೆ ಹೋದರು. ಹುಲುಗೇಶ ಕಾರ್ಡನ್ನು ಅಂಗಿಗೆ ಒರೆಸಿ, ಹಿಂದೆ ಮುಂದೆ ನೋಡಿ, ಪಾಕೀಟಿನಲ್ಲಿಟ್ಟುಕೊಂಡ. ವಾಪಸ್ ಕೊಡುತ್ತಾನೇನೋ ಎಂದು ಸ್ವಲ್ಪ ಹೊತ್ತು ನಿಂತೆ. ಕೊಡಲಿಲ್ಲ. ಎಂಟು ವರ್ಷದಿಂದ ಅದರ ಮೇಲೆ ಕಣ್ಣಿತ್ತಂತೆ.

ಬಸ್ಸಿನ ಮಾತು ಬಿಡು. ಹಾಸ್ಟೆಲ್ಲಿನ ತಿರುವಿನತನಕ ಬಂದಿದ್ದೆ. ನೀನು ಗೇಟಿನ ಕಲ್ಲಿನ ಮೇಲೆ ಕೂತು ದಾರಿ ನೋಡುತ್ತಿದ್ದೆ. ಜೇಬು ಮುಟ್ಟಿ ನೋಡಿಕೊಂಡೆ, ಬರಿದಾಗಿತ್ತು. ತಿರುಗಿ ನಡೆದೆ.

ಚೆನ್ನಾಗಿ ಓದು. ಟೀಚರಾದ ಮೇಲೆ ಮಕ್ಕಳಿಗೆ ನಿನ್ನ ಮಾವನ ವಿಷಯ ಹೇಳುವಾಗ ಇಂಡಿಯಾ ಟೀಮಿನದನ್ನು ಮರೆಯಬೇಡ.

ಇಂತಿ ನಿನ್ನ ಮಾವ,
ಹನುಮಣ್ಣ
(ಬೌಲಿಂಗ್ ಬಿಟ್ಟವನು)

ಮರೆತ ಮಾತು: ಆ ಕಾರ್ಡಿನ ಜೊತೆ ನಾನು ಕಳೆದುಕೊಂಡದ್ದು ಒಟ್ಟು ಒಂಬೈನೂರ ಮೂವತ್ತೆಂಟು ವಿಕೆಟ್. ಉಳಿದದ್ದು ಅರವತ್ತೊಂದು, ಎಲ್ಲ ನಾನೇ ತೆಗೆದದ್ದು. ಲಗ್ನಪತ್ರಿಕೆ ಇನ್ನೊಂದು ಸಿಕ್ಕಿತು, ಹೊಸ ಕಾರ್ಡು ಮಾಡಿ ಇದರೊಳಗೆ ಇಟ್ಟಿದ್ದೇನೆ. ಫೋಟೋದಲ್ಲಿ ಕೂದಲು ಕಡಿಮೆ. ಇದನ್ನು ಇಟ್ಟುಕೊಂಡು ಯಾರ ಜೊತೆಗೂ ಆಡಬೇಡ, ಸೋಲುತ್ತೀಯ.