ನಿದ್ರಾವತಿಯ ಗೆಜ್ಜೆ

ವಿಜಯನಗರ, ಬೆಂಗಳೂರು
14 ನವೆಂಬರ್ 2025, ಶುಕ್ರವಾರ

ಪ್ರೀತಿಯ ಮಗಳು ಐಶ್ವರ್ಯಾಗೆ,

ನಿನ್ನ ಮಾವ ಮಾಡುವ ಆಶೀರ್ವಾದಗಳು. ಹೇಗಿದ್ದೀಯಮ್ಮ? ಸೊಂಟದ ನೋವು ಇಳಿಯಿತೇ? ಊಟ ಸೇರುತ್ತಿದೆಯೇ? ಕೂಸು ಸರಿಯಾಗಿ ಹಾಲು ಕುಡಿಯುತ್ತಿದೆಯೇ, ಹೊಟ್ಟೆನೋವೆಂದು ಅಳುತ್ತದೆಯೇ, ಹಗಲಲ್ಲಾದರೂ ನಿನಗೆ ಒಂದು ಗಳಿಗೆ ಮಲಗಲು ಬಿಡುತ್ತದೆಯೇ? ಅದರ ಮೂಗು ತಾತನದೇ ಎಂದು ಮಗ ಕಿರಣ ಹೇಳಿದ. ಪಾಪ, ಹೆಣ್ಣು ಕೂಸಿಗೆ ಈ ಮೂಗು ಯಾಕೆ ಬಂತೋ ಎಂದು ಒಂದು ದಿನ ಕೊರಗಿದೆ, ಆಮೇಲೆ ಕನ್ನಡಿಯಲ್ಲಿ ನೋಡಿಕೊಂಡು ಅಷ್ಟೇನೂ ಕೆಟ್ಟದಾಗಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ನಿನ್ನ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಮರೆಯದೆ ಕಿರಣನ ಕೈಯಲ್ಲಿ ಬರೆದು ಕಳಿಸು. ಮುದುಕ ಯಾಕೆ ಆರೋಗ್ಯದ ಬಗ್ಗೆಯೇ ಇಷ್ಟುದ್ದ ಬರೆಯುತ್ತಿದ್ದಾನೆ ಎನಿಸಬಹುದು. ಕಾರಣವಿದೆ, ಮುಂದೆ ಓದಿದರೆ ಗೊತ್ತಾಗುತ್ತದೆ.

ಬಾಣಂತಿ ಮೊಬೈಲ್ ನೋಡಿದರೆ ಕಣ್ಣಿಗೆ ಆಗುವುದಿಲ್ಲ ಎಂದು ನಿಮ್ಮಮ್ಮ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರಂತೆ. ಒಳ್ಳೆಯದೇ ಆಯಿತು. ನಾನು ಹೇಳಬೇಕಾದದ್ದು ಫೋನಿನಲ್ಲಿ ಹೇಳುವ ಮಾತೂ ಅಲ್ಲ. ನಾಳೆ ಬೆಳಗಿನ ರೈಲಿಗೆ ಕಿರಣ ದಾವಣಗೆರೆಗೆ ಹೊರಡುತ್ತಾನೆ, ಅವನ ಚೀಲದಲ್ಲಿ ಈ ಕಾಗದ ಇರುತ್ತದೆ. ಹೋದ ಸಲ ಬಂದಾಗ ನೀನು ಅವನನ್ನು, ‘ಕಿರಣ್, ನನ್ನ ಪಾತ್ರ ಹೋಯ್ತಾ?’ ಎಂದು ಕೇಳಿದೆಯಂತೆ. ಅವನು ‘ಅಪ್ಪಾಜಿನ ಕೇಳ್ತೀನಿ’ ಎಂದು ಜಾರಿಕೊಂಡನಂತೆ. ಇಪ್ಪತ್ತು ದಿನದ ಕೂಸನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ನೀನು ಆ ಚಿಂತೆ ಮಾಡುತ್ತಿದ್ದೀಯ ಎಂದು ಕೇಳಿ ಪೆನ್ನು ಹುಡುಕಿಕೊಂಡು ಕೂತೆ. ಉತ್ತರ ಕೊಡಬೇಕಾದವನು ನಾನೇ. ಆದರೆ ನನ್ನ ಸ್ವಭಾವ ನಿನಗೆ ಗೊತ್ತು, ಪೀಠಿಕೆ ಇಲ್ಲದೆ ಹಾರ್ಮೋನಿಯಂ ಮೇಲೂ ಕೈಯಿಡುವವನಲ್ಲ.

ಮುಂದಿನ ತಿಂಗಳು ನಮ್ಮ ‘ಗೊರಕೆಪುರದ ದೊರೆ’ಗೆ ನಾನೂರನೆಯ ಪ್ರಯೋಗ. ರಾಜಾಜಿನಗರದ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮುಂದೆ ನಿಲ್ಲುತ್ತಿದ್ದ ನಾವು ಏಳೆಂಟು ಜನ, ತೊಂಬತ್ತನೇ ಇಸವಿಯಲ್ಲಿ ಯೂನಿಯನ್ ಹಾಲಿನಲ್ಲಿ ತಮಾಷೆಗೆಂದು ಶುರು ಮಾಡಿದ್ದು. ಕೊರೊನಾ ಕಾಲ ಬಿಟ್ಟರೆ ಪ್ರತಿ ತಿಂಗಳ ಮೊದಲ ಭಾನುವಾರ ತಪ್ಪಿಲ್ಲ. ರಾಜನ ಗೊರಕೆಗೆ ಊರಿಗೆ ಊರೇ ನಿದ್ದೆಗೆಡುವುದು, ಗೊರಕೆ ನಿಲ್ಲಿಸಿದವನಿಗೆ ಮಗಳು ನಿದ್ರಾವತಿಯನ್ನು ಕೊಡುತ್ತೇನೆಂದು ರಾಜ ಡಂಗುರ ಹೊಡೆಸುವುದು, ರಾಜಕುಮಾರರೆಲ್ಲ ಸೋತ ಮೇಲೆ ನಿದ್ರಾವತಿಯ ಗೆಜ್ಜೆ ಸದ್ದಿಗೇ ಗೊರಕೆ ನಿಲ್ಲುವುದು. ಇಷ್ಟೇ ಕಥೆ, ಎಲ್ಲವೂ ಹಾಡಿನಲ್ಲಿ. ಕಟ್ಟಿದವರು ನಮ್ಮ ಕ್ಯಾಂಟೀನಿನ ದೊಡ್ಡಹನುಮಯ್ಯನವರು. ಮೊದಲ ರಾಜರೂ ಅವರೇ. ಒಂದು ಸಲ ಮೂರನೆಯ ದೃಶ್ಯದಲ್ಲಿ ನಿಜವಾಗಿಯೇ ನಿದ್ದೆ ಹೋದರು. ಜನ ಅಭಿನಯವೆಂದು ಚಪ್ಪಾಳೆ ತಟ್ಟಿದರು, ನಾನು ಹನ್ನೊಂದು ನಿಮಿಷ ಒಂದೇ ಸ್ವರ ತೀಡುತ್ತ ಕೂತೆ. ಅವರು ತೀರಿಕೊಂಡ ಮೇಲೆ ವೆಂಕಟೇಶ ಬಂದ, ಅವನಿಗಿಂತ ಅವನ ಮೀಸೆಯೇ ಭಾರವಾಗಿತ್ತು. ಈಗ ಬಟ್ಟೆ ಅಂಗಡಿಯ ಗಿರಿರಾಜ ಇದ್ದಾನೆ. ರಾಜಕುಮಾರರು ಎಷ್ಟು ಜನ ಬದಲಾದರೋ ನೆನಪಿಲ್ಲ, ನಿಜವಾದ ಹೆಣ್ಣು ಗೊತ್ತಾದ ತಕ್ಷಣ ಅವರಿಗೆ ನಾಟಕದ ಹೆಣ್ಣು ಬೇಡವಾಗುತ್ತಾಳೆ. ಮೊದಲ ದಿನದಿಂದ ಬದಲಾಗದೆ ಉಳಿದಿರುವವರು ಹಾರ್ಮೋನಿಯಂ ಹಿಂದಿನ ನಾನು, ಇಬ್ಬರು ಒಳಹೊಕ್ಕು ಆಡುವ ಬಟ್ಟೆ ಕುದುರೆಯ ಹಿಂಗಾಲಿನ ಬೈರಯ್ಯ, ಇಬ್ಬರೇ. ಮುಂಗಾಲಿಗೆ ಒಂಬತ್ತು ಜನ ಬಂದು ಹೋದರು. ‘ಮುಂಗಾಲು ಯಾರ್ದಾದ್ರೇನು ಸಾರ್, ಕುದ್ರೆ ನಿಲ್ಲೋದು ನನ್ ಮೇಲೆ’ ಎನ್ನುತ್ತಾನೆ.

ದೊಡ್ಡಹನುಮಯ್ಯನವರು ಮಾಡಿಟ್ಟ ಕಟ್ಟಳೆಯೂ ಬದಲಾಗಿಲ್ಲ. ರಾಜನಿಗೆ ಮೀಸೆ, ಕುದುರೆಗೆ ಬಾಲ, ನಿದ್ರಾವತಿಗೆ ಗೆಜ್ಜೆ, ಹೀಗೆ ಪ್ರತಿ ಪಾತ್ರಕ್ಕೂ ಒಂದು ವಸ್ತು. ಅದು ಪಾತ್ರಧಾರಿಯ ಮನೆಯಲ್ಲೇ ಇರಬೇಕು. ಪಾತ್ರ ಬಿಡುವಾಗ ಹೊಸಬರಿಗೆ ತಮ್ಮ ಕೈಯಿಂದಲೇ ತೊಡಿಸಬೇಕು. ಬರಲಾಗದಿದ್ದರೆ ವಸ್ತುವಿನ ಜೊತೆ ಎರಡು ವೀಳ್ಯದೆಲೆ, ಒಂದು ಅಡಿಕೆ ಇಟ್ಟು ಕಳಿಸಬೇಕು. ಎಲೆ ಬಂದರೆ ಪಾತ್ರ ಬಿಟ್ಟುಕೊಟ್ಟರು ಎಂದು ಅರ್ಥ. ಎಲೆಯಿಲ್ಲದೆ ವಸ್ತು ಮಾತ್ರ ಬಂದರೆ ಅದು ಎರವಲು. ತೊಟ್ಟವರು ಎಷ್ಟು ವರ್ಷ ಆಡಿದರೂ ಬದಲಿ, ಹಾಲಿನ ಬಾಗಿಲ ಬೋರ್ಡಿನಲ್ಲಿ ಅವರ ಹೆಸರು ಬರುವುದಿಲ್ಲ. ನಾಲ್ಕು ವರ್ಷದ ಹಿಂದೆ ಆಗಿನ ನಿದ್ರಾವತಿ ಹೇಮಶ್ರೀ ನಿನ್ನ ಕಾಲಿಗೆ ಗೆಜ್ಜೆ ಕಟ್ಟಿದ ದಿನ ಲೈಟಿನ ಹತ್ತಿರ ಕೂತಿದ್ದ ನನ್ನ ಮಗ ಬೆಳಕನ್ನು ನಿನ್ನ ಮೇಲಿಂದ ತೆಗೆಯಲೇ ಇಲ್ಲ, ರಾಜ ಕತ್ತಲಲ್ಲಿ ಹಾಡಿದ. ಆವತ್ತೇ ನಿಮ್ಮತ್ತೆ ನನ್ನ ಕಿವಿಯಲ್ಲಿ, ‘ಸೊಸಿ ಬಂದ್ಳು ನೋಡ್ರಿ’ ಎಂದಿದ್ದಳು.

ನೀನು ಹೋದ ಮೇಲೆ ಎರಡು ಪ್ರಯೋಗ ಕೆಂಗೇರಿಯ ಅನಘಾ ಮಾಡಿದಳು. ಕಾಲೇಜು ಹುಡುಗಿ, ಮೆಟ್ರೋದಲ್ಲಿ ಹಾಡು ಗುನುಗುತ್ತ ಬರುತ್ತಾಳೆ, ಭರತನಾಟ್ಯದ ಕ್ಲಾಸಿನ ಗೆಜ್ಜೆ ಕಟ್ಟಿಕೊಳ್ಳುತ್ತಾಳೆ. ಚೆನ್ನಾಗಿಯೇ ಮಾಡುತ್ತಾಳೆ, ಸುಳ್ಳು ಹೇಳುವುದಿಲ್ಲ. ಅವಳಿಗೆ ದುರಾಸೆಯೂ ಇಲ್ಲ, ‘ಐಶು ಅಕ್ಕ ಬರೋವರ್ಗೂ ಅಷ್ಟೇ ಅಲ್ವಾ ಅಂಕಲ್’ ಎನ್ನುತ್ತಿದ್ದಳು. ಆದರೆ ಗಿರಿರಾಜನೇ ಈಗ ತಂಡದ ಕಾರ್ಯದರ್ಶಿ. ಅವನು ಅಕ್ಟೋಬರ್ ಮೀಟಿಂಗಿನಲ್ಲಿ, ‘ಸಾರ್, ನಾನೂರನೇ ಶೋಗೆ ಬೋರ್ಡ್ ಹೊಸದಾಗಿ ಬರೆಸ್ತಾ ಇದೀವಿ. ಮಗು ಆದ್ಮೇಲೆ ಐಶ್ವರ್ಯಾ ಎಲ್ಲಿ ಬರ್ತಾರೆ? ಗೆಜ್ಜೆ ಕಳಿಸೋಕೆ ಹೇಳಿ, ಅನಘಾ ಹೆಸರು ಬರೆಸೋಣ’ ಎಂದ. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ ಕಣಮ್ಮ. ಮುಚ್ಚಿಟ್ಟು ಏನು ಪ್ರಯೋಜನ.

ಮೀಟಿಂಗ್ ಆದ ಮರು ಸೋಮವಾರ ತಿಂಡಿಯಾದ ಮೇಲೆ ನಿನಗೆ ಕಾಗದ ಬರೆಯಲು ಕೂತೆ. ಈ ಕಾಗದವಲ್ಲ, ಬೇರೆಯದು. ಕಾಫಿ ತಂದ ನಿಮ್ಮತ್ತೆ ಭುಜದ ಮೇಲಿಂದ ಬಗ್ಗಿ ಓದಿದಳು. ‘ಗೆಜ್ಜೆ ಬೇಗ ಕಳಿಸು’ ಎಂದಿತ್ತು. ಅವಳು ಲೋಟ ಕೆಳಗಿಟ್ಟು, ‘ಒಂದಕ್ಷರನೂ ಬದಲಾಗಿಲ್ಲ ನೋಡ್ರಿ’ ಎಂದಳು. ನನಗೆ ಅರ್ಥವಾಗಲಿಲ್ಲ. ಆಮೇಲೆ ಅವಳು ಬಾಯಿಪಾಠದಂತೆ ಹೇಳಿದಳು: ‘ಗೆಜ್ಜೆ ಬೇಗ ಕಳಿಸು. ಭಾನುವಾರ ಪ್ರಯೋಗವಿದೆ. ಇಂತಿ ಶಂಭುಲಿಂಗಪ್ಪ.’ ಅದು ತೊಂಬತ್ತನಾಲ್ಕರಲ್ಲಿ ನಾನು ರಾಣೆಬೆನ್ನೂರಿಗೆ ಹಾಕಿದ್ದ ಕಾರ್ಡು.

ನಿನಗೆ ಇದು ಗೊತ್ತಿಲ್ಲ, ಯಾರೂ ಹೇಳಿಲ್ಲ. ಮೊದಲ ನಿದ್ರಾವತಿ ನಿಮ್ಮತ್ತೆ. ನಾಲ್ಕು ವರ್ಷ ಅವಳದೇ ಪಾತ್ರ. ಕಿರಣನನ್ನು ಹೆರಲು ತವರಿಗೆ ಹೋದಳು, ಹೆರಿಗೆಯಾದ ಮೇಲೆ ನಾನು ಆ ಕಾರ್ಡು ಹಾಕಿದೆ, ಎಂಟೇ ದಿನದಲ್ಲಿ ಅವಳ ತಮ್ಮ ಗೆಜ್ಜೆ ತಂದುಕೊಟ್ಟ, ನಾನು ಬೇರೆ ಹುಡುಗಿಗೆ ಕಟ್ಟಿಸಿದೆ. ಆರು ತಿಂಗಳ ಕೂಸನ್ನು ಎತ್ತಿಕೊಂಡು ಇವಳು ವಾಪಸ್ ಬಂದಾಗ ಉಳಿದಿದ್ದು ದಾಸಿಯ ಪಾತ್ರ ಮಾತ್ರ. ಬೀಸಣಿಗೆ ಹಿಡಿದು ನಿಂತು ‘ಮಹಾರಾಜರು ಮಲಗಿದ್ದಾರೆ’ ಎನ್ನುವುದು, ಅಷ್ಟೇ. ಮೂವತ್ತೊಂದು ವರ್ಷ ಅಷ್ಟೇ ಹೇಳಿದ್ದಾಳೆ. ಅವಳಿಗೆ ಆ ಪಾತ್ರವೇ ಸಾಕಾಗಿದೆ ಎಂದು ನಾನು ಎಲ್ಲರಿಗೂ ಹೇಳುತ್ತ ಬಂದೆ. ಆ ಸೋಮವಾರ ಅವಳು ಕೋಪ ಮಾಡಿಕೊಳ್ಳಲಿಲ್ಲ, ದನಿ ಎತ್ತಲಿಲ್ಲ. ‘ಪಾತ್ರ ಹೋದ್ರ ಹೋಗ್ಲಿರಿ. ಆ ಕಾರ್ಡಿನಾಗ ಕೂಸು ಹೆಂಗೈತಿ ಅಂತ ಒಂದಕ್ಷರ ಇರಲಿಲ್ಲ’ ಎಂದಳು. ಕಾಫಿ ಆರಿಹೋಯಿತು. ಬರೆದ ಹಾಳೆಯನ್ನು ಹರಿದು ಹಾಕಿದೆ. ಮೊದಲ ಪ್ಯಾರಾದಲ್ಲಿ ನಿನ್ನ ಸೊಂಟದಿಂದ ಹಿಡಿದು ಹಿಮೋಗ್ಲೋಬಿನ್‌ವರೆಗೆ ಯಾಕೆ ಕೇಳಿದೆ ಎಂದು ಈಗ ಗೊತ್ತಾಯಿತಲ್ಲ.

ಇನ್ನು ಹೋದ ಪ್ರಯೋಗದ ಸುದ್ದಿ. ಎರಡನೇ ತಾರೀಖು ಭಾನುವಾರ, ಹಾಲ್ ತುಂಬುವುದು ಖಾತ್ರಿ, ನಾಲ್ಕೂವರೆಗೆ ಪರದೆ ಏಳಬೇಕು. ಮೂರು ಗಂಟೆಗೆ ಅನಘಾಳ ಫೋನು. ಜ್ವರ, ಗಂಟಲು ಕಟ್ಟಿದೆ, ಅವಳ ದನಿ ರಾಜನ ಗೊರಕೆಗಿಂತ ಒರಟಾಗಿತ್ತು. ಗಿರಿರಾಜ ಮೀಸೆ ಕಿತ್ತು ಮೇಜಿನ ಮೇಲಿಟ್ಟು ‘ಕ್ಯಾನ್ಸಲ್ ಮಾಡ್ಬಿಡೋಣ ಸಾರ್’ ಎಂದ. ಆಗ ನಿಮ್ಮತ್ತೆ ಬೀಸಣಿಗೆ ಕೆಳಗಿಟ್ಟು, ‘ನಾ ಮಾಡತೀನಿ’ ಎಂದಳು. ಎಲ್ಲರೂ ನನ್ನ ಮುಖ ನೋಡಿದರು. ಗಿರಿರಾಜ, ‘ಅಮ್ಮಾ, ನಾನು ನಿಮ್ಗೆ ಅಪ್ಪ ಆಗ್ಬೇಕಲ್ಲ’ ಎಂದು ತೊದಲಿದ. ‘ಆಗಪ್ಪಾ, ಯಾರು ಬ್ಯಾಡಂದ್ರು’ ಎಂದು ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಐವತ್ತೇಳು ವರ್ಷದ ನಿದ್ರಾವತಿ ರಂಗದ ಮೇಲೆ ಬಂದು ನಲವತ್ತರ ಗಿರಿರಾಜನಿಗೆ ‘ಅಪ್ಪಾಜೀ, ನನಗಿನ್ನೂ ಹದಿನೆಂಟು’ ಎಂದು ಹಾಡಿದಾಗ ಜನ ನಕ್ಕು ನಕ್ಕು ಸುಸ್ತಾದರು. ಅವಳು ನಗು ನಿಲ್ಲುವವರೆಗೆ ಕಾದು, ಅದೇ ಸಾಲನ್ನು ಇನ್ನೊಮ್ಮೆ ಹಾಡಿದಳು, ಎರಡನೇ ಸಲ ಯಾರೂ ನಗಲಿಲ್ಲ. ನಾನು ಹಾರ್ಮೋನಿಯಂ ಶ್ರುತಿಯನ್ನು ಕರಿ ನಾಲ್ಕರಿಂದ ಕರಿ ಎರಡಕ್ಕೆ ಇಳಿಸಿಕೊಂಡಿದ್ದೆ, ಅಷ್ಟೇ ವ್ಯತ್ಯಾಸ. ಒಂದು ಮಾತು ಮರೆತಿಲ್ಲ, ಒಂದು ಆಲಾಪ ತಪ್ಪಿಲ್ಲ. ಕೊನೆಯ ಹಾಡಿಗೆ ಹೆಜ್ಜೆ ಹಾಕಿದಳು, ಕಾಲಲ್ಲಿ ಗೆಜ್ಜೆಯಿಲ್ಲ, ಗೊರಕೆ ನಿಲ್ಲುವುದು ಹೇಗೆ? ಗಿರಿರಾಜ ಎಳೆಯುತ್ತಲೇ ಇದ್ದಾನೆ. ಆಗ ಕುದುರೆಯ ಹೊಟ್ಟೆಯೊಳಗಿಂದ ಝಣಝಣ ಸದ್ದು ಬಂತು. ಬೈರಯ್ಯ, ಮಲ್ಲತ್ತಹಳ್ಳಿಯಲ್ಲಿ ಬಾಡಿಗೆಗೆ ಕೊಟ್ಟಿರುವ ಮನೆಗಳ ಬೀಗದಕೈ ಗೊಂಚಲನ್ನು ಒಳಗಿಂದಲೇ ತಾಳಕ್ಕೆ ಸರಿಯಾಗಿ ಅಲ್ಲಾಡಿಸುತ್ತಿದ್ದ. ಗೊರಕೆ ನಿಂತಿತು. ಜನ ಎದ್ದು ನಿಂತರು. ನನಗೆ ಹಾರ್ಮೋನಿಯಂ ಕೀಲಿಮಣೆ ಕಾಣಿಸಲಿಲ್ಲ ಕಣಮ್ಮ, ಕಣ್ಣು ತುಂಬಿಬಂದಿತ್ತು. ಮೂವತ್ತೊಂದು ವರ್ಷ ಅವಳು ನನ್ನಿಂದ ನಾಲ್ಕು ಅಡಿ ದೂರದಲ್ಲಿ ಬೀಸಣಿಗೆ ಹಿಡಿದು ನಿಂತು, ಪ್ರತಿ ಹಾಡನ್ನೂ ಮನಸ್ಸಿನಲ್ಲೇ ಹಾಡಿಕೊಂಡಿದ್ದಾಳೆ. ನಾನು ಒಂದು ದಿನವೂ ಆ ಕಡೆ ತಿರುಗಿ ನೋಡಲಿಲ್ಲ. ಮನೆಗೆ ಬಂದು ಅವಳು ಏನೂ ಆಗದವಳಂತೆ ಅಕ್ಕಿ ತೊಳೆದಳು.

ಈಗ ನಿನ್ನ ಪ್ರಶ್ನೆಗೆ ಉತ್ತರ ಬರೆಯಬೇಕು. ಅದಕ್ಕಿಂತ ಮೊದಲು ನಾನು ನಿಮ್ಮತ್ತೆಗೆ ಒಂದು ಮಾತು ಹೇಳಬೇಕಾಗಿದೆ. ಇಷ್ಟು ದಿನ ಹೇಳಿಲ್ಲ, ಈ ಹನ್ನೆರಡು ದಿನದಿಂದ ಬಾಯಿತನಕ ಬಂದು ವಾಪಸ್ ಹೋಗುತ್ತಿದೆ. ಅದಕ್ಕೇ ಕಾಗದವನ್ನು ಅಂಟಿಸದೆ ಇಡುತ್ತೇನೆ. ನಿಮ್ಮ ತಂದೆತಾಯಿಗೆ ನನ್ನ ಶರಣು ತಿಳಿಸು. ಕೂಸಿನ ಹಣೆಗೆ ನನ್ನ ಲೆಕ್ಕದಲ್ಲಿ ಒಂದು ಎಳೆ ವಿಭೂತಿ ಹೆಚ್ಚಿಗೆ ಹಚ್ಚು. ತಣ್ಣೀರು ಮುಟ್ಟಬೇಡ.

ನಿಮ್ಮೆಲ್ಲರ ಸುಖ ಬಯಸುವ,
ನಿನ್ನ ಮಾವ
ಶಂಭುಲಿಂಗಪ್ಪ

ತಾ.ಕ.: ಶನಿವಾರ ಬೆಳಗ್ಗೆ. ಆಟೋ ಬಂದು ನಿಂತಿದೆ, ಕಿರಣ ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ಆವತ್ತು ರಾಣೆಬೆನ್ನೂರಿನಿಂದ ಬಂದ ಗಂಟಿನಲ್ಲಿ ಗೆಜ್ಜೆ ಮಾತ್ರ ಇತ್ತು. ಎಲೆ ಅಡಿಕೆ ಇರಲಿಲ್ಲ. ಹಾಲಿನ ಎದುರಿನ ಬೀಡಾ ಅಂಗಡಿಯಲ್ಲಿ ಎಲೆ ತಂದು ನಾನೇ ಗಂಟಿನಲ್ಲಿಟ್ಟೆ, ಇವಳೇ ಕಳಿಸಿದಳೆಂದು ದೊಡ್ಡಹನುಮಯ್ಯನವರಿಗೂ ಸುಳ್ಳು ಹೇಳಿದೆ. ಈಗ ನಿನಗೆಂದು ಅಂಟಿನುಂಡೆ ಡಬ್ಬಿಗೆ ತುಂಬುತ್ತಿದ್ದವಳ ಮುಂದೆ ನಿಂತು ಹೇಳಿಬಿಟ್ಟೆ. ‘ಗೊತ್ತೈತ್ರಿ. ಎಲಿ ನಾ ಇಟ್ಟಿರಲಿಲ್ಲಲ್ಲ’ ಎಂದಳು. ಮತ್ತೆ ಇಷ್ಟು ವರ್ಷ ಯಾಕೆ ಕೇಳಲಿಲ್ಲ ಎಂದೆ. ‘ನೀವ ಹೇಳ್ಲಿ ಅಂತ ಕುಂತಿದ್ದೆ’ ಎಂದಳು. ಗಿರಿರಾಜನಿಗೆ ಫೋನ್ ಮಾಡಿ ಎಲ್ಲ ಹೇಳಿದ್ದೇನೆ. ನಾನೂರನೆಯ ಪ್ರಯೋಗದ ಬೋರ್ಡಿನಲ್ಲಿ ನಿಮ್ಮತ್ತೆಯ ಹೆಸರನ್ನೇ, ‘ನಿದ್ರಾವತಿ: ಬಸವ್ವ’ ಎಂದು ಬರೆಸುತ್ತಾನೆ. ಎಲೆಯಿಲ್ಲದೆ ಬಂದ ಗೆಜ್ಜೆ ಎರವಲು, ಕಟ್ಟಳೆಯ ಪ್ರಕಾರ ಪಾತ್ರ ಇವತ್ತಿಗೂ ಅವಳದೇ. ನಿನಗೆ ಕಟ್ಟಿದ ಹೇಮಶ್ರೀಯೂ ಬದಲಿ, ನೀನೂ ಬದಲಿ. ಬೇಜಾರು ಮಾಡಿಕೊಳ್ಳಬೇಡ, ಮುಂದೆ ಓದು. ಕಿರಣನ ಕೈಯಲ್ಲಿ ಗೆಜ್ಜೆ ಕೊಟ್ಟು ಕಳಿಸಬೇಡ. ಬಾಣಂತನ ಮುಗಿಸಿಕೊಂಡು, ಕೂಸನ್ನು ಎತ್ತಿಕೊಂಡು, ನಿಧಾನವಾಗಿ ನೀನೇ ತಾ. ನಿನ್ನ ಕಾಲಿಗೆ ನಿಮ್ಮತ್ತೆ ತನ್ನ ಕೈಯಿಂದಲೇ ಕಟ್ಟುತ್ತಾಳಂತೆ. ಎಷ್ಟು ತಿಂಗಳಾದರೂ ಆಗಲಿ, ಅಲ್ಲಿಯವರೆಗೆ ಅವಳಿಗೆ ಬೈರಯ್ಯನ ಬೀಗದಕೈ ಸಾಕಂತೆ.