ಬಿಚ್ಚಿಟ್ಟ ತಾಯಿತ

ಕುಂದಾಪುರ, ಶುಕ್ರವಾರ

ಪ್ರೀತಿಯ ಲೀಲಾಧರ ಮಾವ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ನಿಮಗೆ ಸಿಟ್ಟು ಬರುವ ವಿಷಯ ಹೇಳಿ ಮುಗಿಸುತ್ತೇನೆ. ನೀವು ಮಂತ್ರ ಹಾಕಿಸಿ ತಂದು ನನ್ನ ಕೊರಳಿಗೆ ಕಟ್ಟಿದ ತಾಮ್ರದ ತಾಯಿತವನ್ನು ಎರಡು ಸಲ ಬಿಚ್ಚಿದ್ದೇನೆ.

“ಅದನ್ ಬಿಚ್ಚಿರೆ ನಮ್ಮನಿ ಮೆಟ್ಲ್ ಹತ್ತುಕಾಗ” ಅಂದಿದ್ದಿರಿ, ಮೆಟ್ಟಿಲು ಹತ್ತಲೇಬಾರದು ಅಂತ. ನಮ್ಮ ಮನೆತನದಲ್ಲಿ ಅಪ್ಪನ ಮಾತಿಗಿಂತ ಸೋದರಮಾವನ ಮಾತಿಗೆ ತೂಕ ಹೆಚ್ಚು. ನಾನು ಆಸ್ಪತ್ರೆಗೆ ಹೋಗತೊಡಗಿದ ದಿನದಿಂದ ಅಮ್ಮ ನನ್ನ ಫೋನನ್ನೂ ಎತ್ತುತ್ತಿಲ್ಲ.

ನೋಡಲು ಬಂದ ಹುಡುಗನ ಕಡೆಯವರಿಗೆ ನೀವು ನನಗೆ ಮೈಗ್ರೇನ್ ಅಂದಿರಿ. ಮಂತ್ರಿಸಿದವರಿಗೆ ದೆವ್ವದ ಸೋಂಕು ಅಂದಿರಿ. ಡಾಕ್ಟರ್ ಹೇಳಿದ ಹೆಸರು ಮಾತ್ರ ನಿಮ್ಮ ಬಾಯಲ್ಲಿ ಬರಲಿಲ್ಲ: ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್. ಯಾರಾದರೂ ಫೋನ್ ಎತ್ತದಿದ್ದರೆ ನನ್ನನ್ನು ಬಿಟ್ಟೇ ಹೋದರು ಅಂತ ಎದೆ ಒಡೆಯುತ್ತದೆ. ಬೆಳಿಗ್ಗೆ ದೇವರಂತೆ ಕಂಡವರು ಸಂಜೆಗೆ ಶತ್ರುವಾಗುತ್ತಾರೆ. ಇದು ಕೊಬ್ಬಲ್ಲ, ನಾಟಕವಲ್ಲ, ಕಾಯಿಲೆ. ಹೇಳಲು ನನಗೆ ನಾಚಿಕೆಯಿಲ್ಲ.

ಬಸ್ಸಿನಲ್ಲಿ ಬ್ರಹ್ಮಾವರ ದಾಟಿ ನಾನು ಹೋಗುವ ಆಸ್ಪತ್ರೆಯಲ್ಲಿ ನನಗೆ ಶಾಕ್ ಕೊಡುತ್ತಾರೆ ಎಂದು ನಿಮ್ಮ ಹೋಟೆಲಿಗೆ ಬಂದವರಿಗೆಲ್ಲ ಹೇಳುತ್ತಿದ್ದೀರಂತೆ. ಅಲ್ಲ ಮಾವ. ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸುತ್ತಾರೆ, ಅಷ್ಟೆ. ಅದು ದೊಡ್ಡ ಅಯಸ್ಕಾಂತವಾದ್ದರಿಂದ ಮೈಮೇಲೆ ಲೋಹ ಇರಕೂಡದು. ಕಣ್ಣೆದುರು ಸಿಡುಕು ಮುಖಗಳ ಚಿತ್ರ ಬರುತ್ತದೆ. ಪಕ್ಕದಲ್ಲಿ ಥರ್ಮಾಮೀಟರಿನ ಹಾಗೆ ಒಂದು ಕೆಂಪು ಪಟ್ಟಿ. ಮಿದುಳಿನಲ್ಲಿ ಹೆದರಿಕೆ ಏಳುವ ಜಾಗ ಆ ಕ್ಷಣ ಎಷ್ಟು ಕೆರಳಿದೆ ಎಂದು ಅದು ತೋರಿಸುತ್ತದೆ. ಅದನ್ನು ಇಳಿಸುವ ಕೆಲಸ ನನ್ನದು. ಹೇಗೆ ಅಂತ ಯಾರೂ ಹೇಳಿಕೊಡುವುದಿಲ್ಲ, ನಾನೇ ಕಂಡುಕೊಳ್ಳಬೇಕು.

ಮೊದಲ ಸಲ ಹಲ್ಲು ಕಚ್ಚಿ ಗುದ್ದಾಡಿದೆ. ಪಟ್ಟಿ ಏರುತ್ತಲೇ ಹೋಯಿತು. ಹೊರಗೆ ಬಂದು ಗೊಳೋ ಎಂದು ಅತ್ತೆ.

ಎರಡನೆಯ ಸಲ ಬಸ್ರೂರಿನ ಹೊಳೆ ನೆನಪಾಯಿತು. ಈಜು ಕಲಿಸಲೆಂದು ಏಳು ವರ್ಷದ ನನ್ನ ಸೊಂಟಕ್ಕೆ, ತೇಲಲಿ ಅಂತ, ಎರಡು ಒಣ ತೆಂಗಿನಕಾಯಿ ಕಟ್ಟಿ ನೀವು ನೀರಿಗೆ ಬಿಟ್ಟಿದ್ದಿರಿ. ನಾನು ಕಿರುಚುತ್ತಿದ್ದೆ. “ಹ್ವಾಯ್ ಹೆಣ್ಣೇ, ಕೈಕಾಲ್ ಬಡಿಯುಕಾಗ. ಸುಮ್ನೆ ಬೆನ್ನ್ ಮೇಲ್ ಮಲ್ಕೋ. ನೀರೇ ಹೊತ್ಕಂತ್” ಅಂದಿರಿ. ನೀರೇ ಹೊತ್ತುಕೊಳ್ಳುತ್ತದೆ ಎಂಬ ಆ ಮಾತು ಹಿಡಿದುಕೊಂಡು ಯಂತ್ರದೊಳಗೆ ಸುಮ್ಮನೆ ಮಲಗಿದೆ. ಪಟ್ಟಿ ಇಳಿಯಿತು ಮಾವ, ಒಂದು ಬೆರಳಿನಷ್ಟು.

ಇದು ಇನ್ನೂ ಪ್ರಯೋಗ, ಗ್ಯಾರಂಟಿ ಇಲ್ಲ, ಮಾತಿನ ಚಿಕಿತ್ಸೆ ಬಿಡಬಾರದು ಎಂದು ಡಾಕ್ಟರ್ ಹೇಳಿಯೇ ಇದ್ದಾರೆ. ಇರಲಿ. ಆದರೆ ಮೊನ್ನೆ ಅಮ್ಮ ಫೋನ್ ಎತ್ತದಿದ್ದಾಗ, ಮೊದಲಾಗಿದ್ದರೆ ನಲವತ್ತು ಸಲ ಮಾಡಿ ಫೋನನ್ನೇ ಗೋಡೆಗೆ ಎಸೆಯುತ್ತಿದ್ದವಳು, ಎರಡೇ ಸಲ ಮಾಡಿ ಬಟ್ಟೆ ಒಗೆಯಲು ಹೋದೆ. ಅಳುತ್ತಲೇ ಒಗೆದೆ, ಒಣಗಿಸಿದೆ. ಅಂಥ ಮಧ್ಯಾಹ್ನ ನನ್ನ ಬದುಕಿನಲ್ಲಿ ಅದೇ ಮೊದಲು. ಅದನ್ನು ನಿಮ್ಮ ಮೆಟ್ಟಿಲಿಗೋಸ್ಕರ ಬಿಟ್ಟುಕೊಡಲಾರೆ.

ಮುಂದಿನ ಗುರುವಾರ ಹನ್ನೊಂದಕ್ಕೆ ಮೂರನೆಯ ಸಲ. ತಾಯಿತ ಈ ಕವರಿನಲ್ಲೇ ಇದೆ. ಕಟ್ಟಲೇಬೇಕು ಅನಿಸಿದರೆ ಅದನ್ನು ಹಿಡಿದುಕೊಂಡು ಬನ್ನಿ. ಬಾಗಿಲ ಹೊರಗೆ ಕುರ್ಚಿ ಇದೆ, ಕೂತಿರಿ. ನಾನು ಹೊರಬಂದ ಮೇಲೆ ಕತ್ತು ಬಗ್ಗಿಸುತ್ತೇನೆ, ಕಟ್ಟಿ. ನೀವು ಬಾರದಿದ್ದರೂ ನಾನು ಒಳಗೆ ಹೋಗುವವಳೇ.

ಮುಳುಗಿಹೋಗುತ್ತಾಳೆ ಅಂತ ಹೆದರಿಕೆಯೇ? ಹಾಗಾದರೆ ಇದೊಂದನ್ನು ನೆನಪಿಸಿಕೊಳ್ಳಿ. ನಾಲ್ಕನೆಯ ದಿನ ನಡುಹೊಳೆಯಲ್ಲಿ, ನನಗೆ ಹೇಳದೆಯೇ, ಆ ತೆಂಗಿನಕಾಯಿಗಳನ್ನು ಬಿಚ್ಚಿದವರು ನೀವೇ.

ಕುಂಭಾಶಿಯ ನಿಮ್ಮ ಹೋಟೆಲಿನ ಒಲೆ ಸದಾ ಉರಿಯುತ್ತಿರಲಿ, ನಿಮ್ಮ ಮಂಡಿನೋವು ಕಡಿಮೆಯಾಗಲಿ.

ಇನ್ನೂ ತೇಲುತ್ತಿರುವ,
ನಿಮ್ಮ ಸೊಸೆ
ಅಕ್ಷಯಾ