ತೊಳೆದ ಕಂಬಳಿ

14 ಅಕ್ಟೋಬರ್ 2024, ಸೋಮವಾರ. ಮುಂಜಾನೆ

ಕುಂಟ ಕುರಿಯ ಗೊರಸು ವಾಸಿ. ಇನ್ನೊಮ್ಮೆ ಅರಿಶಿಣ ಎಣ್ಣೆ ಹಚ್ಚಬೇಕು. ಮಸಗುಪ್ಪಿಯ ಈ ಹೊಲದಲ್ಲಿ ಇವತ್ತೇ ಕಡೆ. ನಾಳೆ ಹಿಂಡಿನ ಸುತ್ತ ಕಟ್ಟಿದ ಬಲೆ ಕಿತ್ತು ಬಾಜೂ ಹೊಲಕ್ಕೆ.

ಬೆಲ್ಲದ ಬಾಗೇವಾಡಿಯಿಂದ ಮಹಮ್ಮದಗೌಸ ಕಾಕಾ ಫೋನ್ ಮಾಡಿದ್ದರು. ಪ್ರತಿ ವರ್ಷ ದೀಪಾವಳಿ ಪಾಡ್ಯ ಮುಗಿಸಿ ನಮ್ಮ ಹಿಂಡು ಗೋಕಾಕದ ಮೇಲಿಂದ ಅವರ ಹೊಲಕ್ಕೆ ಹೋಗುತ್ತದೆ. ರಾತ್ರಿ ಅಲ್ಲಿ ಮಲಗಿ ಗೊಬ್ಬರ ಕೊಡುತ್ತದೆ. ಆಮೇಲೆ ಹುಕ್ಕೇರಿ, ಅದರಾಚೆ ಗುಡ್ಡ.

"ಹೊಲ ಹಂಗ ಬಿಟ್ಟೇನವ್ವಾ ಕಸ್ತೂರಿ. ಸಿದ್ರಾಯ ಹೋದಾ, ಖರೆ. ಹಿಂಡ ಐತಲ್ಲ. ಬರ್ತೀರಿಲ್ಲೊ?"

ನೋಡೋಣ ಅಂದೆ.

ಸಿದ್ರಾಯ. ಗಂಡನ ಹೆಸರು ಬರೆದೆ. ಬಾಯಿಂದ ಎಂದೂ ಅಂದದ್ದಿಲ್ಲ. ಬರೆದರೆ ಯಾರಿಗೆ ಕೇಳುತ್ತದೆ.

17 ಅಕ್ಟೋಬರ್

ಭಾವ ಮಾಲಿಂಗಪ್ಪ — ನಮ್ಮವರ ಅಣ್ಣ — ಗೋಕಾಕದಿಂದ ಒಬ್ಬ ಹುಡುಗಿಯನ್ನು ಕರೆತಂದಿದ್ದರು. ನಂದಿನಿ. ಬೆಂಗಳೂರಿನ ಟೂರ್ ಕಂಪನಿಯವಳು. ಫಾಲ್ಸ್ ನೋಡಲು ಬಂದವರಿಗೆ ಮೂಲನಿವಾಸಿಗಳ ಹಟ್ಟಿಯನ್ನೂ ತೋರಿಸುತ್ತಾರಂತೆ. ಮೂಲನಿವಾಸಿಗಳು ಅಂದರೆ ನಾವು.

"ಒರಿಜಿನಲ್ ಕುರುಬರ ಲೈಫ್ ಇದ್ರೆ ಸಾಕು ಅಮ್ಮ, ಬೇರೆ ಏನೂ ಬೇಡ."

ಅತ್ತೆ ಸಾವಿತ್ರವ್ವ ಉಣ್ಣೆ ನೂಲುತ್ತಿದ್ದಳು. ತಲೆ ಎತ್ತಲಿಲ್ಲ. "ಒರಿಜಿನಲ್ ಅಂದ್ರ? ನಿಮ್ಮ ಬೆಂಗಳೂರಾಗ ಡುಪ್ಲಿಕೇಟ್ ಕುರುಬ್ರೂ ಸಿಗ್ತಾರೇನವ್ವಾ?"

ಹುಡುಗಿ ನಕ್ಕಳು. ಕೆಟ್ಟವಳಲ್ಲ. ಆದರೆ ನೀಲಿ ಪ್ಲಾಸ್ಟಿಕ್ ಕೊಡ ಮರೆಗೆ ಇಡಿ ಅಂದಳು, ಮಣ್ಣಿನದು ಇಟ್ಟರೆ ಚಂದ. ನನ್ನ ಕೈಗಡಿಯಾರ ಬಿಚ್ಚಬೇಕಂತೆ. ಮೊಬೈಲ್ ಕಾಣಬಾರದಂತೆ. ಬಿದಿರು ಕೋಲಿಗೆ ತೂಗುಹಾಕಿದ್ದ ನಮ್ಮವರ ಕಂಬಳಿ ಮುಟ್ಟಿ, ಮೂಗು ಹಿಡಿದಳು. "ಸೂಪರ್ ಇದೆ. ಸ್ವಲ್ಪ ಕ್ಲೀನ್ ಇದ್ರೆ..."

ಅವಳು ಹೋದ ಮೇಲೆ ಭಾವ ಲೆಕ್ಕ ಒಪ್ಪಿಸಿದಂತೆ ಹೇಳಿದರು — ಗೋಕಾಕದ ಹತ್ತಿರ ಜಾಗ ಹಿಡಿದಿದ್ದಾರೆ. ಹಿಂಡು ಹನ್ನೆರಡು ತಿಂಗಳೂ ಅಲ್ಲೇ. ಬೇಲಿ ಒಳಗೆ. ನಾವು ನೂಲುವುದು, ರೊಟ್ಟಿ ಬಡಿಯುವುದು, ಮಂದಿ ನೋಡುವುದು. ಪಾಡ್ಯದ ದಿನ ಇಲ್ಲಿ ಮಸಗುಪ್ಪಿಯಲ್ಲೇ ಶುರು.

"ಅಲಿಯೂದು ಸಾಕ್ ಇನ್ನ. ಗಂಡಸಿಲ್ಲದ ಹಿಂಡು ದಾರಿ ಹಿಡೀಬಾರದು."

ನಾನು ಸುಮ್ಮನಿದ್ದರೆ ಎಲ್ಲರೂ ಹೂಂ ಅಂದುಕೊಳ್ಳುತ್ತಾರೆ.

21 ಅಕ್ಟೋಬರ್

ಇವತ್ತು ಬಾಯಿ ಬಿಟ್ಟೆ. ಬೇಲಿ ಹಾಕಿದರೆ ಕರಿ ಕುರಿಗೆ ರೋಗ ಬರುತ್ತದೆ, ನಡೆಯಲೇಬೇಕು. ಹಿಂಡು ನಾನು ಒಯ್ಯುತ್ತೇನೆ.

ಭಾವ ನಕ್ಕೇಬಿಟ್ಟರು. "ನೀನಾ? ನಿನ್ನ ದನಿ ನಿನಗ ಕೇಳಸೂದಿಲ್ಲ, ಕುರಿಗೇನ್ ಕೇಳಸ್ತೈತಿ?"

"ಪಾಡ್ಯದಾಗ ನೋಡೂಣ್ರಿ," ಅಂದೆ.

ನಗು ನಿಂತಿತು. ಪಾಡ್ಯದ ದಿನ ಕುರಿ ಬೆದರಿಸುವುದು. ಹಿಂಡಿಗೆ ಬಣ್ಣ ಹಚ್ಚಿ, ಕಂಬಳಿ ಬೀಸುತ್ತ, ಕೂಗುತ್ತ ಮುಂದೆ ಓಡಬೇಕು. ಹೊಲದಾಚೆ ನೆಟ್ಟ ಬಾವುಟದ ತನಕ ಓಡಿ ತಿರುಗಿ ಬರಬೇಕು. ಹಿಂಡು ಯಾರ ಬೆನ್ನು ಹತ್ತುತ್ತದೋ ಆ ವರ್ಷ ದಾರಿ ಅವರದು. ನಮ್ಮ ಮನೆತನದಲ್ಲಿ ಹೀಗೇ. ಬಾಯಿ ಮಾತಿಗೆ ಬೆಲೆ ಇಲ್ಲ.

"ಗಂಡ ಸತ್ತಾಕಿ ಪಾಡ್ಯದ ದಿನ ಹಿಂಡಿನ ಮುಂದ ನಿಲ್ಲಬಾರದು," ಅಂದರು ಭಾವ. ಎದ್ದು ಹೋದರು.

ಅತ್ತೆಯ ಕದಿರು ತಿರುಗುತ್ತಲೇ ಇತ್ತು.

29 ಅಕ್ಟೋಬರ್. ಮಧ್ಯಾಹ್ನ

ಕಂಬಳಿ ಕೋಲಿನ ಮೇಲಿಲ್ಲ.

ಆಷಾಢದಲ್ಲಿ ಸಿಡಿಲು ಬಡಿದ ದಿನ ಅದು ನಮ್ಮವರ ಮೈಮೇಲೆ ಇರಲಿಲ್ಲ. ಆಗಷ್ಟೇ ಹುಟ್ಟಿದ ಮರಿಗೆ ಸುತ್ತಿ ನನ್ನ ಕೈಗೆ ಕೊಟ್ಟು, ತಪ್ಪಿಸಿಕೊಂಡ ಟಗರಿನ ಹಿಂದೆ ಹೋದರು. ಮರಿ ಬದುಕಿತು. ಕಂಬಳಿ ಉಳಿಯಿತು. ಅವರೇ...

ಅದರಲ್ಲಿ ಅವರ ಬೆವರು, ತಂಬಾಕು, ಕುರಿಯ ಜಿಡ್ಡು, ಮಳೆ. ಕುರುಬ ತನ್ನ ಕಂಬಳಿ ತೊಳೆಯುವುದಿಲ್ಲ. ಹಿಂಡು ಮನುಷ್ಯನನ್ನು ಗುರುತಿಸುವುದು ಅದರಿಂದ. ಇದು ನಮ್ಮಲ್ಲಿ ಸಣ್ಣ ಕೂಸಿಗೂ ಗೊತ್ತಿರುವ ಮಾತು.

ಸಂಜೆ

ಸಿಕ್ಕಿತು. ಜಾಲಿ ಬೇಲಿ ಮೇಲೆ ಒಣಗುತ್ತಿದೆ. ಸೋಪಿನ ಪುಡಿ ಹಾಕಿ, ಬ್ರಷ್‌ನಿಂದ ತಿಕ್ಕಿದ್ದಾರೆ. ಮಲ್ಲಿಗೆ ವಾಸನೆ.

"ಫೋಟೋದಾಗ ಛಲೋ ಕಾಣಬೇಕಲ್ಲ," ಅಂದರು ಭಾವ. ಹುಟ್ಟಿದಾಗಿನಿಂದ ಕುರಿ ಕಾದವರು. ಅವರಿಗೆ ನೆನಪೇ ಆಗಲಿಲ್ಲವೆ.

ಅಳಲಿಲ್ಲ. ಅಳು ಬಂದಿತ್ತು. ಬಂದದ್ದು ಸಿಟ್ಟಾಗಿ ಕೂತಿತು.

2 ನವೆಂಬರ್, ಪಾಡ್ಯ. ರಾತ್ರಿ ಆಗಿದೆ, ಆದರೂ ಬರೆಯುತ್ತೇನೆ

ಎರಡು ಗಾಡಿ ಮಂದಿ. ಕ್ಯಾಮೆರಾ. ಭಾವ ರುಮಾಲು ಸುತ್ತಿ, ಮಿಂಚುವ ಕಂಬಳಿ ಬೀಸಿ, ಕೂಗುತ್ತ ಓಡಿದರು. ಚಂದ ಓಡಿದರು.

ಹಿಂಡು ನಿಂತಲ್ಲೇ ಇತ್ತು.

ಮುಂದಿನ ಕುರಿ ಕಂಬಳಿ ಮೂಸಿ ಸೀನಿತು. ಮಂದಿ ನಕ್ಕರು. ಭಾವ ಮತ್ತೆ ಓಡಿದರು. ಮೂರನೇ ಸಲಕ್ಕೆ ದಮ್ಮು ಕಟ್ಟಿ ಕೂತರು.

ನಾನು ಬಲೆಯ ಹತ್ತಿರ ಇದ್ದೆ. ನಾಲ್ಕು ತಿಂಗಳು ಆ ಹಿಂಡಿನ ನಡುವೆಯೇ ಮಲಗಿದವಳು. ನನ್ನ ಸೀರೆಗೂ ಅದೇ ವಾಸನೆ. ಹೆಜ್ಜೆ ಇಟ್ಟೆ. "ಏ, ಹೋಗಬ್ಯಾಡ!" ಅಂದರು ಯಾರೋ. ನಮ್ಮವರು ಕೂಗುತ್ತಿದ್ದ ಹಾಗೆ ಕೂಗಿದೆ — ಹೋ... ಹುರ್ರೋ ಬಾ. ಅಷ್ಟು ದೊಡ್ಡ ದನಿ ನನ್ನೊಳಗಿತ್ತು ಅಂತ ಗೊತ್ತಿರಲಿಲ್ಲ.

ಮೊದಲು ಆಷಾಢದ ಮರಿ. ಆಮೇಲೆ ಕುಂಟ ಕುರಿ. ಆಮೇಲೆ ನೆಲವೇ ಗುಡುಗಿತು.

ಬಾವುಟ ಬಂತು. ಅಲ್ಲಿ ತಿರುಗಬೇಕು, ಕ್ಯಾಮೆರಾ ಕಾಯುತ್ತಿತ್ತು. ತಿರುಗಲಿಲ್ಲ. ಗೋಕಾಕದ ದಾರಿ ಎದುರಿಗಿತ್ತು. ನಂದಿನಿ ಕೂಗುತ್ತಿದ್ದಳು, "ಅಕ್ಕಾ, ಈ ಕಡೆ! ಈ ಕಡೆ!"

ಈ ಕಡೆ ಅಲ್ಲ, ತಂಗಿ.

ಹೊತ್ತು ಮುಳುಗುವಾಗ ಹಿಂದೆ ಗೊರಸಿನ ಸದ್ದು. ನಮ್ಮ ಕುದುರೆ ಮೇಲೆ ಗಂಟುಮೂಟೆ ಹೇರಿಕೊಂಡು ಅತ್ತೆ. ಎಲ್ಲದರ ಮೇಲೆ ನೀಲಿ ಪ್ಲಾಸ್ಟಿಕ್ ಕೊಡ. ತೊಳೆದ ಕಂಬಳಿ ನನ್ನ ಹೆಗಲಿಗೆ ಎಸೆದಳು.

"ಸೋಪಿನ ವಾಸನಿ ಬರತೈತ್ರಿ," ಅಂದೆ.

"ನಾಕ ಮಳಿ, ನಾಕ ಬಿಸಲ ಬೀಳ್ಲಿ. ನಿಂದ ವಾಸನಿ ಹತ್ತತೈತಿ. ಹೊದ್ಕೊ."

5 ನವೆಂಬರ್

ಗೋಕಾಕದ ಹೊರಗೆ. ಭಾವ ಬೈಕ್ ಮೇಲೆ ಬಂದರು. ಮಾನ ಹೋಯಿತು, ಜಾಗದವನು ಬೈಯುತ್ತಿದ್ದಾನೆ, ಹಿಂಡು ತಿರುಗಿಸು, ಅಂದರು.

"ನೀವ ಕರೀರಿ. ಬಂದ್ರ ಒಯ್ರಿ," ಅಂದೆ.

ಕರೆದರು. ಒಂದೂ ತಲೆ ಎತ್ತಲಿಲ್ಲ. ಟಗರು ಕೆಮ್ಮಿತು, ಅಷ್ಟೇ. ಅತ್ತೆ ರೊಟ್ಟಿ ಕೊಟ್ಟಳು. ಮಗನಲ್ಲವೆ. ನೆಲ ನೋಡುತ್ತ ತಿಂದರು. ಹೋಗುವಾಗ, "ಹುಕ್ಕೇರಿ ದಾರ್ಯಾಗ ಲಾರಿ ಭಾಳ. ಎಡಕ್ಕ ಹಿಡೀ," ಅಂದರು.

9 ನವೆಂಬರ್. ಬೆಲ್ಲದ ಬಾಗೇವಾಡಿ

ಮಹಮ್ಮದಗೌಸ ಕಾಕಾ ಬದುವಿನ ಮೇಲೆ ನಿಂತಿದ್ದರು. ಹಿಂಡಿನ ಹಿಂದೆ ದೂರದವರೆಗೆ ನೋಡಿದರು. ಯಾರನ್ನು ಹುಡುಕಿದರು ಅಂತ ನನಗೆ ಗೊತ್ತು. ಕಣ್ಣು ಒರೆಸಿಕೊಂಡು, ಹೆಂಡತಿಗೆ, "ಮದಿನಾಬೀ, ಚಾ ಇಡ. ಹಿಂಡಿನ ಯಜಮಾನಿ ಬಂದಾಳ," ಅಂದರು.

ಯಜಮಾನಿ. ಹುಬ್ಬು ಗಂಟಿಕ್ಕಿ ಹಿಂದೆ ನೋಡಿದೆ. ಯಾರೂ ಇರಲಿಲ್ಲ. ನನಗೇ ಅಂದದ್ದು.

16 ನವೆಂಬರ್. ಹುಕ್ಕೇರಿ ದಾಟಿ

ಇಬ್ಬನಿ ಜೋರು. ಕಂಬಳಿ ಮೂಸಿದೆ. ಮಲ್ಲಿಗೆ ಹೋಗಿದೆ. ಕುರಿ, ಹೊಗೆ... ಅವರದು ಇಲ್ಲ. ಇನ್ನು ಬರುವುದೂ ಇಲ್ಲ. ಇರುವುದು ನನ್ನದು. ತಡೆದುಕೊಳ್ಳಬಹುದು.

ಕಾರು ನಿಲ್ಲಿಸಿ ಯಾರೋ ಇಳಿಯುತ್ತಿದ್ದಾರೆ, ಮೊಬೈಲ್ ಎತ್ತಿಕೊಂಡು. "ಅಕ್ಕಾರ, ಒಂದ ಮಿನಿಟ್ ನಿಲ್ರಿ." ಮುಂದಿನ ಕುರಿ ಎದ್ದಿದೆ, ನನ್ನ ಕಡೆ ನೋಡುತ್ತಿದೆ. ನಾನು ನಿಂತರೆ ಹಿಂಡೂ ನಿಲ್ಲುತ್ತದೆ. ಬರೆಯುವುದು ಸಾಕು, ಹೊರಟೆ.